ಇಸ್ತ್ರಿ ಪೆಟ್ಟಿಗೆ ಗುರುತಿನ ಇಂಜಿನಿಯರಮ್ಮ

ಹಾಸನದ ಕಚೇರಿಯಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಬಂದಾಗ ನನಗೆ ವಿಪರೀತ ಹಸಿವಾಗಿತ್ತು. ಎದುರಿನ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿಂದೆ, ಸಾಲದೆ ಇನ್ನೊಂದು ತರಿಸಿಕೊಂಡೆ. ಕೈ ತೊಳೆದು ಗಂಡನಿಗೆ ಫೋನ್ ಮಾಡಿ, "ಕೊಟ್ಟುಬಿಟ್ಟೆ ಕಣ್ರೀ" ಅಂದೆ. ಅವರದು ಹೊಳೆನರಸೀಪುರದಲ್ಲಿ ಪೈಪು, ನಲ್ಲಿ, ಸಿಮೆಂಟು ಮಾರುವ ಅಂಗಡಿ. ಆ ಕಡೆಯಿಂದ, "ಮುಕ್ಕಾಲಿಂಚೇ ಸಾಕು" ಅನ್ನುವ ಉತ್ತರ ಬಂತು. ಅದು ನನಗೋ ಗಿರಾಕಿಗೋ ಗೊತ್ತಾಗಲಿಲ್ಲ. ಆಮೇಲೆ ಅವರು ನಗುವುದು ಕೇಳಿಸಿತು. ಹೋಟೆಲಿನ ಬಾಗಿಲಲ್ಲಿ ನಿಂತು ನಾನೂ ನಕ್ಕೆ.

ನಾನು ಹಳ್ಳಿಗಳ ರಸ್ತೆ, ಮೋರಿ, ಸಣ್ಣ ಸೇತುವೆಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದೆ. ಅರಕಲಗೂಡು ಕಡೆಯ ಒಂದು ಊರಿನ ಹೆಂಗಸರು ಶುಂಠಿ ಹೊಲಕ್ಕೆ ಹೋಗಲು ಹಳ್ಳ ದಾಟಬೇಕಿತ್ತು. ಅಡ್ಡಲಾಗಿ ಹಾಕಿದ್ದ ತೆಂಗಿನ ಮರದ ಬೊಡ್ಡೆಗಳೇ ಸೇತುವೆ. ಅಲ್ಲಿಗೊಂದು ಕಾಲುಸೇತುವೆ ಬೇಕೆಂದು ನಾನು ಅಂದಾಜುಪಟ್ಟಿ ಕಳಿಸಿದಾಗಲೆಲ್ಲ ಅನುದಾನವಿಲ್ಲ ಎಂದು ವಾಪಸು ಬರುತ್ತಿತ್ತು. ಮತ್ತೊಮ್ಮೆ ಟೇಪು ಹಿಡಿದು ಹೋದಾಗ, ತಲೆ ಮೇಲೆ ಬುತ್ತಿ ಹೊತ್ತಿದ್ದ ಹೆಂಗಸೊಬ್ಬಳು ಬೊಡ್ಡೆಯ ಮೇಲೆಯೇ ನಿಂತು ಕೇಳಿದಳು:

"ಏನವ್ವಾ, ಹಳ್ಳ ದಪ್ಪ ಆಯ್ತೋ ಸಣ್ಣ ಆಯ್ತೋ ಅಂತ ನೋಡಕ್ ಬಂದ್ಯಾ?"

"ದುಡ್ಡು ಮಂಜೂರಾಗಬೇಕಲ್ಲಮ್ಮ. ಅದು ಜಿಲ್ಲಾ ಪಂಚಾಯ್ತಿ ಮೆಂಬರ್‌ಗಳ ಕೈಲಿದೆ" ಅಂದೆ.

"ಅಂಗಾರೆ ನೀನೇ ಮೆಂಬ್ರಾಗವ್ವ! ಅಳೆಯಾಕೂ ನೀನೇ, ಕೊಡ್ಸಾಕೂ ನೀನೇ. ಓಡಾಟನಾದ್ರೂ ತಪ್ತದೆ."

ಹಳ್ಳದ ಎರಡೂ ದಡದಲ್ಲಿದ್ದ ಹೆಂಗಸರು ಗೊಳ್ಳೆಂದರು. ಆ ಸಂಜೆ ಊಟಕ್ಕೆ ಕುಳಿತಾಗ ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. ಅವರ ತವರು ಅದೇ ಭಾಗದಲ್ಲಿತ್ತು.

"ಜಿಲ್ಲಾ ಪಂಚಾಯ್ತಿಗೆ ಈ ಸಲ ಆ ಸೀಟು ಎಂಗಸ್ರಿಗೆ ಬಂದದೆ" ಅಂದರು ಅತ್ತೆ. "ಗಂಡಸ್ರೆಲ್ಲ ಎಂಡ್ರು ಎಸ್ರು ಬರ್ಸಕ್ಕೆ ಓಡಾಡ್ತಾವ್ರೆ. ನೀನು ನಿನ್ನೆಸ್ರೇ ಬರ್ಸು."

ತಮಾಷೆ ಅಲ್ಲಿಗೇ ಮುಗಿಯಿತು. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಹೆದರಿಕೆಯೂ ಇತ್ತು, ಖುಷಿಯೂ ಇತ್ತು. ಸರ್ಕಾರಿ ಕೆಲಸದಲ್ಲಿದ್ದುಕೊಂಡು ಚುನಾವಣೆಗೆ ನಿಲ್ಲುವಂತಿರಲಿಲ್ಲ, ಹಾಗಾಗಿಯೇ ಆ ರಾಜೀನಾಮೆ.

ಟಿಕೆಟ್ಟು ಕೇಳಲು ಒಂದು ಪಕ್ಷದ ಮುಖಂಡರ ಮನೆಗೆ ಹೋದೆ. "ನಿಮ್ ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದರು. "ಅಂಗಡೀಲಿದಾರೆ" ಅಂದೆ. "ಅವ್ರನ್ನೇ ಕಳ್ಸಿ, ಮಾತಾಡಣ" ಅಂದರು. ಕೊಟ್ಟ ಕಾಫಿ ಕುಡಿದು ಎದ್ದು ಬಂದು ಪಕ್ಷೇತರಳಾಗಿ ನಾಮಪತ್ರ ಹಾಕಿದೆ. ಟ್ರ್ಯಾಕ್ಟರ್ ಗುರುತು ಕೇಳಿದ್ದೆ, ಸಿಕ್ಕಿದ್ದು ಇಸ್ತ್ರಿ ಪೆಟ್ಟಿಗೆ.

ನಾನು ಪೆಚ್ಚಾದೆ. ಅತ್ತೆಗೆ ಮಾತ್ರ ಹಬ್ಬವಾಯಿತು. ಅಟ್ಟದಿಂದ ಇದ್ದಿಲು ಹಾಕುವ ಹಳೆಯ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವ ಹಾಗೆ ಉಜ್ಜಿದರು. ಪ್ರಚಾರದ ಜೀಪಿನ ಹಿಂಬದಿಯಲ್ಲಿ ನಿಂತು ಅದನ್ನು ಎತ್ತಿ ಹಿಡಿದರೆಂದರೆ ಬಿಸಿಲಿಗೆ ಎದುರಿದ್ದವರು ಕಣ್ಣು ಮುಚ್ಚಿಕೊಳ್ಳಬೇಕಿತ್ತು. ಅತ್ತೆಯ ತವರೂರಿನ ಬಸ್‌ಸ್ಟ್ಯಾಂಡಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದವನು ಯಾರೂ ಹೇಳದೆಯೇ ನನ್ನ ಪ್ರಚಾರಕನಾದ. ಎದುರಾಳಿಯ ಕಡೆಯವರು ಬಿಳಿ ಶರ್ಟು ತಂದುಕೊಟ್ಟರೆ, "ಯಾವ್ ಪಕ್ಷ ಆದ್ರೂ ನಮ್ ಗುರುತಿನ ಕೆಳಗ್ ಬರ್ಲೇಬೇಕಲ್ಲ ಸಾ" ಎನ್ನುತ್ತಿದ್ದ. ಅವರೂ ನಗುತ್ತಲೇ ಶರ್ಟು ಕೊಟ್ಟು ಹೋಗುತ್ತಿದ್ದರು.

ನನ್ನ ಮೊದಲ ಭಾಷಣ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಆಯಿತು. ಸೇತುವೆ ಮಾಡಿಸುತ್ತೇನೆ ಎಂದು ಒಂದು ಮಾತು ಹೇಳಿ ಮುಗಿಸಬಹುದಿತ್ತು. ನಾನು ಅಡಿಪಾಯದ ಆಳ, ಕಂಬಿಯ ದಪ್ಪ, ಕಾಂಕ್ರೀಟು ಗಟ್ಟಿಯಾಗುವ ಬಗೆ ಎಲ್ಲವನ್ನೂ ಹೇಳತೊಡಗಿದೆ. ಮುಂದೆ ಕೂತಿದ್ದ ಅಜ್ಜ ಎದ್ದು ನಿಂತು ಕೈ ಮುಗಿದ.

"ತಾಯೀ, ಸಿಮೆಂಟ್ ಕಲ್ಸಾದ್ನ ಆಮ್ಯಾಕೆ ಏಳ್ಕೊಡೀವಂತೆ. ಮೊದ್ಲು ಓಟ್ ಕೇಳು!"

ನನಗೆ ನಗು ತಡೆಯಲಾಗಲಿಲ್ಲ. ನಗುವ ರಭಸಕ್ಕೆ ಮೈಕು ಕುಯ್ಯೆಂದಿತು, ಟ್ರೇಲರ್ ಪಕ್ಕದಲ್ಲಿ ಯಾರೋ ಕಟ್ಟಿದ್ದ ಎತ್ತು ಬೆದರಿತು, ಸಭೆಗೆ ಸಭೆಯೇ ನಕ್ಕಿತು. "ಓಟು ಕೊಡ್ರಪ್ಪ" ಎಂದಷ್ಟೇ ಹೇಳಿ ಇಳಿದೆ. ಅಷ್ಟು ದೊಡ್ಡ ಚಪ್ಪಾಳೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಬಿದ್ದಿರಲಿಲ್ಲ.

ಅಲ್ಲಿಂದ ಮುಂದೆ ದಿನಗಳು ಹೋದದ್ದೇ ತಿಳಿಯಲಿಲ್ಲ. ಮನೆಮನೆಯಲ್ಲಿ ಕಾಫಿ, ಬೀದಿಬೀದಿಯಲ್ಲಿ ಆರತಿ. ಗಂಟಲು ಕಟ್ಟಿ ಸ್ವರವೇ ಹೊರಡದಾದಾಗ ನಾನು ತುಟಿ ಆಡಿಸುತ್ತಿದ್ದೆ, ಅತ್ತೆ ಮಾತಾಡುತ್ತಿದ್ದರು. ನಾನು ಹೇಳದೇ ಇದ್ದದ್ದನ್ನೂ ಸೇರಿಸಿ ಹೇಳುತ್ತಿದ್ದರು.

ಎಣಿಕೆಯ ದಿನ ಕೂದಲೆಳೆಯ ಅಂತರದಲ್ಲಿ ಗೆದ್ದೆ. ಮರುಎಣಿಕೆಯಲ್ಲೂ ನಾನೇ ಗೆದ್ದೆನೆಂದು ಅಧಿಕಾರಿ ಕೂಗಿದ ಕೂಡಲೇ ಪಕ್ಕದಲ್ಲಿದ್ದ ಮಹಿಳಾ ಪೊಲೀಸನ್ನು ತಬ್ಬಿಕೊಂಡುಬಿಟ್ಟೆ. ಆಕೆ, "ಮೇಡಂ, ನಾನು ಡ್ಯೂಟಿಲಿದೀನಿ" ಅಂದಳು. ಹಾಗನ್ನುತ್ತಲೇ ಬೆನ್ನು ತಟ್ಟಿದಳು.

ಹಾಸನದಲ್ಲಿ ಮೊದಲ ಸಭೆ. ನನ್ನ ಮೇಲಧಿಕಾರಿಯಾಗಿದ್ದ ಹಿರಿಯ ಇಂಜಿನಿಯರರು ಕೈಯಲ್ಲಿ ಫೈಲು ಹಿಡಿದು ಒಳಗೆ ಬಂದರು. ವರ್ಷಗಟ್ಟಲೆ ಅವರ ಮುಂದೆ ನಿಂತ ಅಭ್ಯಾಸ, ನಾನು ಚಂಗನೆ ಎದ್ದು ನಿಂತೆ. ಸದಸ್ಯೆ ಎದ್ದು ನಿಂತಳೆಂದು ಅವರು ಕೂರಲಿಲ್ಲ. ಅವರು ಕೂರಲಿಲ್ಲವೆಂದು ನಾನೂ ಕೂರಲಿಲ್ಲ. "ಕೂತ್ಕೊಳ್ಳಿ ಸಾರ್" ಅಂದೆ. "ಇಲ್ಲ, ತಾವು ಮೊದಲು ಮೇಡಂ" ಅಂದರು. ಅಷ್ಟು ದಿನ "ಏನಮ್ಮಾ" ಎನ್ನುತ್ತಿದ್ದ ಬಾಯಲ್ಲಿ ಮೇಡಂ ಕೇಳಿ ನನಗೆ ಕಚಗುಳಿ ಇಟ್ಟಂತಾಯಿತು. ಕೊನೆಗೆ ಅಧ್ಯಕ್ಷರೇ, "ಇಬ್ರೂ ಒಟ್ಟಿಗೆ ಕೂತ್ಕೊಂಡ್ಬಿಡ್ರಪ್ಪ" ಅನ್ನಬೇಕಾಯಿತು.

ಸೇತುವೆಗೆ ಅನುದಾನ ಸಿಗಲು ಮಾತ್ರ ಜಗಳವಾಡಬೇಕಾಯಿತು. ಮೊದಲ ವರ್ಷ ಸಿಗಲಿಲ್ಲ. ಎರಡನೆಯ ವರ್ಷ ನಕ್ಷೆ ಹಾಸಿ, ಒಬ್ಬೊಬ್ಬ ಸದಸ್ಯರ ಮುಂದೆಯೂ ಕೂತು ವಿವರಿಸಿ ಒಪ್ಪಿಸಿದೆ. ಆ ಹಿರಿಯ ಇಂಜಿನಿಯರರೇ ನಿಂತು ಕೆಲಸ ಮಾಡಿಸಿದರು. ಉದ್ಘಾಟನೆಗೆ ಟೇಪು ಕತ್ತರಿಸುವ ಮೊದಲೇ ಬುತ್ತಿಯ ಹೆಂಗಸು ಅದರ ಕೆಳಗೆ ನುಸುಳಿ ಆಚೆ ದಡಕ್ಕೆ ಹೋಗಿಬಿಟ್ಟಿದ್ದಳು. "ಕತ್ತರ್ಸಿ, ಕತ್ತರ್ಸಿ, ನಂಗೆ ವತ್ತಾಯ್ತು" ಎಂದು ಅಲ್ಲಿಂದಲೇ ಕೂಗಿದಳು.

ಅವಧಿ ಮುಗಿಯುವ ಹೊತ್ತಿಗೆ ನನಗೂ ರಾಜಕೀಯದ ಅಮಲೇರಿತ್ತು. ಒಂದು ಪಕ್ಷ ತಾನಾಗಿಯೇ ಕರೆದು ಚನ್ನರಾಯಪಟ್ಟಣದ ಕಡೆ ವಿಧಾನಸಭೆಗೆ ನಿಲ್ಲಿಸಿತು. ತೆಂಗಿನಕಾಯಿ ಮಾರುಕಟ್ಟೆಯಲ್ಲಿ ಬೆಳಗಿನಿಂದ ಕೈ ಮುಗಿದೆ, ಹೆದ್ದಾರಿ ಬಸ್ಸುಗಳಿಗೆಲ್ಲ ಹತ್ತಿ ಇಳಿದೆ. ಸೋತೆ, ಅದೂ ಅಚ್ಚುಕಟ್ಟಾಗಿ. ಎರಡು ದಿನ ಯಾರ ಮುಖವನ್ನೂ ನೋಡಲಾರದೆ ಮನೆಯಲ್ಲೇ ಇದ್ದೆ.

ಮೂರನೆಯ ದಿನ ಬಾಗಿಲು ತಟ್ಟಿದವನು ಚನ್ನರಾಯಪಟ್ಟಣದ ಕಾಯಿ ವ್ಯಾಪಾರಿ. ಮಾರುಕಟ್ಟೆಯಲ್ಲಿ ನನಗೆ ಎಳನೀರು ಕೊಚ್ಚಿಕೊಟ್ಟವನು.

"ಅಕ್ಕಾ, ಸುಳ್ಳೇಳಲ್ಲ, ನಿಮ್ಗೆ ಓಟ್ ಆಕ್ಲಿಲ್ಲ" ಅಂದ. "ಆದ್ರೆ ಮನೆ ಕಟ್ಟುಸ್ಬೇಕು. ನೀವೇ ಒಂದ್ ಪ್ಲ್ಯಾನ್ ಆಕ್ಕೊಡ್ಬೇಕು."

"ಓಟು ಹಾಕದೋನಿಗೆ ನಾನ್ಯಾಕಪ್ಪ?"

"ಅಸೆಂಬ್ಲಿ ಬ್ಯಾರೆ, ಅಡುಗೆಮನೆ ಬ್ಯಾರೆ ಅಲ್ವಾ ಅಕ್ಕಾ!"

ಒಳಗಿದ್ದ ಅತ್ತೆ ನಕ್ಕದ್ದು ಬೀದಿಗೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡೆ. ನಿವೇಶನ ನೋಡಲು ಅವನ ಬೈಕಿನ ಹಿಂದೆ ಕೂತು ಹೊರಟೆ. ದಾರಿಯುದ್ದಕ್ಕೂ ಅವನು, ತನ್ನ ಬೀದಿಯಲ್ಲಿ ಇನ್ಯಾರ್ಯಾರು ನನಗೆ ಓಟು ಹಾಕಿಲ್ಲ, ಅವರಲ್ಲಿ ಯಾರ್ಯಾರು ಮನೆ ಕಟ್ಟಿಸುವವರಿದ್ದಾರೆ ಎಂದು ಹೇಳುತ್ತಲೇ ಇದ್ದ.