ಐದಕ್ಕೇ ನಿಲ್ಲಿಸಿದ ಪಾಠ

ನಾನು ಸತ್ತವಳ ಹೆಸರಿನಲ್ಲಿ ಸುಳ್ಳು ಲೆಕ್ಕ ಹೇಳಿದವಳು. ಆ ಸುಳ್ಳು ಬಯಲಾಗಬಾರದೆಂದು ಒಬ್ಬ ಮುದುಕಿಗೆ ಅರಬಿ ಅಂಕಿ ಕಲಿಸುವುದನ್ನು ಐದಕ್ಕೇ ನಿಲ್ಲಿಸಿದವಳು. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಕೇಳಿದರೆ — ಎರಡನೆಯದೇ ಇರಬೇಕು.

ಆ ಮುದುಕಿ ನನ್ನ ಫುಫ್ಫಿ, ಅಪ್ಪನ ಅಕ್ಕ. ಮಸ್ಕಿಯಲ್ಲಿ ಆಕೆಯ ಮನೆಯ ಎದುರಿಗೇ ಮದರಸಾ. ನಾನೂ ಆಕೆಯ ಒಬ್ಬಳೇ ಮಗಳು ಶಮೀಮಳೂ ಅಲ್ಲಿಯೇ ಎಣಿಸಲು ಕಲಿತೆವು — ವಾಹಿದ್, ಇಸ್ನಾನ್, ಸಲಾಸಾ. ಅಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕಿ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಮಾತ್ರ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಶಮೀಮ್ ಏಳನ್ನೂ ಎಂಟನ್ನೂ ಅದಲುಬದಲು ಮಾಡಿ ಬೈಸಿಕೊಳ್ಳುತ್ತಿದ್ದಳು. ನಾನು ಒಮ್ಮೆಯೂ ತಪ್ಪಲಿಲ್ಲ. ಆ ಜಂಬ ನನಗೆ ಬಹಳ ದಿನ ಇತ್ತು. ಈಗ ಲಿಂಗಸುಗೂರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ನೋಡಿ!

ಎಂಟು ವರ್ಷದ ಹಿಂದೆ ಶಮೀಮ್ ಕಾಮಾಲೆಯಾಗಿ ಸಿಂಧನೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಮ್ಮಲ್ಲಿ ಸತ್ತವರಿಗಾಗಿ ಸವ್ವಾ ಲಕ್ಷ, ಅಂದರೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಸಲ, ಅಲ್ಲಾಹನೊಬ್ಬನೇ ದೇವರು ಎನ್ನುವ ಕಲಿಮಾ ಓದುತ್ತಾರೆ. ಹೆಂಗಸರು ಚಾಪೆಯ ಮೇಲೆ ಹುಣಸೆ ಬೀಜ ಸುರುವಿಕೊಂಡು, ಒಂದು ಸಲ ಓದಿದರೆ ಒಂದು ಬೀಜ ಆಚೆ ಸರಿಸುತ್ತಾರೆ. ಸಾವಿರ ತುಂಬಿದ ಹಾಗೆಲ್ಲ ಒಬ್ಬರು ಬರೆದುಕೊಳ್ಳಬೇಕು.

"ಅರಬಿ ಅಂಕಿಯೊಳಗ ಬರಿಬೇ, ಅಲ್ಲಾಗ ಹೋಗೋ ಲೆಕ್ಕ ಐತದು" ಎಂದು ಫುಫ್ಫಿ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಆಕೆಗೆ ಯಾವ ಅಂಕಿಯೂ ಬರುತ್ತಿರಲಿಲ್ಲ.

ಮೊದಮೊದಲು ಮನೆ ತುಂಬ ಹೆಂಗಸರು. ಆಮೇಲೆ ಅವರವರಿಗೆ ಅವರವರ ಕೆಲಸ, ನಾಟಿಯ ಕೂಲಿ. ಕೊನೆಗೆ ಫುಫ್ಫಿ ಮತ್ತು ನಾನು. ಮೂವತ್ತೊಂಬತ್ತನೆಯ ದಿನ ಸಂಜೆ ಲೆಕ್ಕ ತೊಂಬತ್ತಮೂರು ಸಾವಿರಕ್ಕೆ ನಿಂತಿತ್ತು. ಮರುದಿನ ನಲವತ್ತನೆಯ ದಿನದ ಫಾತಿಹಾ, ಸತ್ತವರ ಹೆಸರಿನ ಪ್ರಾರ್ಥನೆ; ಓದು ಅಷ್ಟರೊಳಗೆ ಮುಗಿಯಬೇಕು. ಅದರ ಮರುದಿನ ನಾನು ಲಿಂಗಸುಗೂರಿಗೆ ಹೋಗಿ ಹೊಸ ಕೆಲಸಕ್ಕೆ ಸೇರಬೇಕಿತ್ತು. ಬೇಸರ ಬಂದಿತ್ತು — ಹೌದು, ಬೇಸರವೇ, ಅದಕ್ಕೆ ಬೇರೆ ಹೆಸರು ಕೊಡಲಾರೆ. ಫುಫ್ಫಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮುಗೀತ್ರಿ ಫುಫ್ಫಿ. ಸವ್ವಾ ಲಾಖ್ ಪೂರಾ ಆತು" ಎಂದೆ.

ಆಕೆ ಎರಡೂ ಕೈಯಿಂದ ನನ್ನ ತಲೆ ಸವರಿ, "ನನ್ನ ಮಗಳಿಗೆ ನೀ ಒಬ್ಬಾಕಿ ಆದಿ ನೋಡು" ಎಂದು ಅತ್ತಳು. ಬಾಯಲ್ಲಿ ಸುಳ್ಳು ಬಂದರೂ ಆ ಅಂಕಿಯಲ್ಲಿ ಸುಳ್ಳು ಬರೆಯಲು ನನಗೆ ಕೈ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲು ಹಾಗೆಯೇ ಉಳಿಯಿತು — ಒಂಬತ್ತು, ಮೂರು, ಆಮೇಲೆ ಮೂರು ಚುಕ್ಕಿ. ಫುಫ್ಫಿ ಅದನ್ನು ಬೀಜದ ಡಬ್ಬಿಯೊಳಗಿಟ್ಟು ಶಮೀಮಳ ಟ್ರಂಕಿನಲ್ಲಿ ಬೀಗ ಹಾಕಿದಳು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಭಾನುವಾರ ಆಕೆ ಕೇಳಿದಳು: "ನನಗೂ ಅಂಕಿ ಕಲಸಬೇ. ಕುರಾನಿನ ಪುಟ ಹುಡುಕಾಕ ದಿನಾ ಯಾರನ್ನರ ಕರೀಬೇಕು."

ನೋಟ್‌ಬುಕ್ಕು ಇನ್ನೂ ಟ್ರಂಕಿನಲ್ಲೇ ಇತ್ತು. ಇಲ್ಲವೆನ್ನಲಾಗದೆ ಶುರುಮಾಡಿದೆ. ಹಳೇ ಪಾಟಿಯ ಮೇಲೆ ಎಷ್ಟು ಖುಷಿಯಿಂದ ತಿದ್ದಿದಳು! ಐದರವರೆಗೆ ಬಂದೆವು. ಆರನೆಯದಕ್ಕೆ ನಾನು, "ಸಾಕ್ರಿ, ನಿಮ್ಮ ಕಣ್ಣಿಗೆ ತ್ರಾಸ ಆಗತೈತಿ" ಎಂದೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಒಂಬತ್ತು ಗೊತ್ತಿಲ್ಲದವರು ತೊಂಬತ್ತಮೂರು ಸಾವಿರ ಓದಲಾರರು — ಗಣಿತದ ಟೀಚರ ಬುದ್ಧಿ ಇಷ್ಟಕ್ಕೆ ಉಪಯೋಗವಾಯಿತು.

ಕುರಾನಿನ ಪುಟಗಳು ತಾವೇ ಕಲಿಸುತ್ತವೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಐದರ ನಂತರ ಪುಟ ತಿರುವಿದರೆ ಅಲ್ಲಿರುವುದು ಆರೇ ಅಲ್ಲವೇ.

ಆಮೇಲೆ ಅಪರೂಪಕ್ಕೆ ಹೋದಾಗ ಆಕೆ ಬೀಜಗಳನ್ನು ಗಡಬಡಿಸಿ ಸೆರಗಿಗೆ ಬಾಚಿಕೊಳ್ಳುತ್ತಿದ್ದಳು. "ಏನಿಲ್ಲಬೇ, ಹುಳ ಹಿಡದಾವು, ಹಸನ ಮಾಡಾಕತ್ತೀನಿ" ಎನ್ನುತ್ತಿದ್ದಳು. ನಾನು ನಂಬಿ ಚಹಾ ಕುಡಿದು ಬಸ್ಸು ಹತ್ತುತ್ತಿದ್ದೆ.

ಹೋದ ತಿಂಗಳು ಫುಫ್ಫಿ ತೀರಿಕೊಂಡಳು. ಮೂರನೆಯ ದಿನ ಹೆಂಗಸರು ಸೇರಿದರು. ಪಕ್ಕದ ಮನೆಯ ಮಾಬೂಬಿ ಟ್ರಂಕು ತೆಗೆದು ಡಬ್ಬಿಯನ್ನು ನನ್ನ ಮುಂದಿಟ್ಟು, "ಶಮೀಮಂದು ನೀನ ಪೂರಾ ಮಾಡಿದ್ದಿ, ಇವರದೂ ನೀನ ಬರಿಬೇ" ಎಂದಳು.

ನೋಟ್‌ಬುಕ್ ತೆರೆದೆ. ನನ್ನ ತೊಂಬತ್ತಮೂರು ಸಾವಿರದ ಕೆಳಗೆ ನಡುಗುವ ಕೈಯ ತೊಂಬತ್ತನಾಲ್ಕು ಸಾವಿರ. ಅದರ ಕೆಳಗೆ ತೊಂಬತ್ತೈದು. ನಾನು ಕಲಿಸದ ಆರು, ಏಳು, ಎಂಟು, ಒಂಬತ್ತು — ಒಂದೂ ತಪ್ಪಿಲ್ಲ. ಚುಕ್ಕಿಗಳನ್ನು ಎಷ್ಟು ಒತ್ತಿ ಇಟ್ಟಿದ್ದಳೆಂದರೆ ಹಾಳೆ ತೂತಾಗಿತ್ತು. ಕೊನೆಯ ಸಾಲು ಒಂದು ಲಕ್ಷ ಹದಿನೆಂಟು ಸಾವಿರ.

ಎಲ್ಲ ತಿಳಿದಿದ್ದಳು. ನನಗೆ ಒಂದು ಮಾತು ಅನ್ನಲಿಲ್ಲ. ಜೊತೆಗೆ ಓದಲು ಯಾರನ್ನಾದರೂ ಕರೆದಿದ್ದರೆ — ಯಾಕೆ, ಪೂರಾ ಆಗಿತ್ತಲ್ಲ, ಎಂದು ಕೇಳುತ್ತಿದ್ದರು. ಅದಕ್ಕೇ ಕರೆಯಲಿಲ್ಲ.

ಅವತ್ತೂ ನಾನು ಬಾಯಿ ಬಿಡಲಿಲ್ಲ. ಹೊಸ ಹಾಳೆ ತಿರುವಿ ಫುಫ್ಫಿಯ ಲೆಕ್ಕ ಶುರುಮಾಡಿದೆ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಬರುವ ಶುಕ್ರವಾರ ಆಕೆಯ ನಲವತ್ತನೆಯ ದಿನ. ಆ ಹೆಂಗಸರೆಲ್ಲರ ಮುಂದೆ ಎರಡೂ ಹಾಳೆ ಓದುತ್ತೇನೆ. ಯಾವುದು ಮುಗಿದಿಲ್ಲವೋ ಅದನ್ನು ಮುಗಿದಿಲ್ಲ ಎಂದೇ ಹೇಳುತ್ತೇನೆ. ಈಗ ದಿನಾ ಸಂಜೆ ಶಾಲೆಯಿಂದ ಬಂದ ಮೇಲೆ ಲಿಂಗಸುಗೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ ಶಮೀಮಳ ಬೀಜ ಸುರುವಿಕೊಳ್ಳುತ್ತೇನೆ. ಫುಫ್ಫಿಗೆ ಮುಗಿಸಲಾಗದೆ ಉಳಿದ ಏಳು ಸಾವಿರದಲ್ಲಿ ನಾಲ್ಕು ಆಗಿದೆ, ಇನ್ನು ಮೂರು ಇದೆ. ಜೊತೆಗೆ ಯಾರನ್ನೂ ಕರೆದಿಲ್ಲ.