ನೀರು ಕುಡಿಯದ ಹಗೇವು

ತಪ್ಪು ನಂದ. ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ನಮ್ಮ ಮನ್ಯಾರಿಗೆ ಅನ್ನಬಾರದು, ಗೌಂಡಿ ಕಾಕಾಗೂ ಅನ್ನಬಾರದು. ಹಿತ್ತಲದಾಗಿನ ಹಗೇವಿಗೆ ಸಂಡಾಸಿನ ಪೈಪು ಬಿಡ್ರಿ ಅಂತ ಹಟಾ ಹಿಡದಾಕಿ ನಾನು.

ಎಂಬತ್ತರ ದಶಕ ಅರ್ಧ ದಾಟಿತ್ತು. ನಾನು ಯರಗುಪ್ಪಿಗೆ ಸೊಸಿಯಾಗಿ ಬಂದು ಹನ್ನೆರಡು ವರ್ಸ ಆಗಿತ್ತು. ನಮ್ಮ ಮನ್ಯಾರು ಊರ ಸಾಲಿ ಮಾಸ್ತರು. ಮಾವ ತೀರಿಕೊಂಡಿದ್ರು. ಮನ್ಯಾಗ ನಾವಿಬ್ರು, ಎರಡು ಹೆಣ್ಣುಮಕ್ಕಳು, ಮತ್ತ ಅತ್ತಿ. ಆ ವರ್ಸ ಸಂಕ್ರಾಂತಿ ಮುಗದ ವಾರಕ್ಕ ಅತ್ತಿ ಚರಗಿ ತಗೊಂಡು ಹೊಲದ ಕಡಿ ಹೋದವರು ಬದುವಿನ ಮ್ಯಾಲ ಕಾಲು ತಪ್ಪಿ ಬಿದ್ದು ತೊಡಿ ಎಲುಬು ಮುರಕೊಂಡ್ರು. ವಯಸ್ಸಾದ ಎಲುಬು, ಕಟ್ಟಿದ್ರೂ ಕೂಡಲಿಲ್ಲ. ಅರವತ್ತು ವರ್ಸ ಯಾರ ಕೈಯಾಗೂ ಒಂದು ತಂಬಿಗಿ ನೀರು ಬೇಡದ ಹೆಣಮಗಳು ಪಡಸಾಲ್ಯಾಗ ಹೊರಸು ಹಿಡದ್ರು.

ಆವಾಗ ನಮ್ಮೂರಾಗ ಸಂಡಾಸ ಇದ್ದ ಮನಿ ಎಷ್ಟು ಅಂದ್ರ ಒಂದು ಕೈ ಬೆರಳು ಹೆಚ್ಚಿಗಿ ಆಗತಿದ್ವು. ಗಂಡಸರಾಗ್ಲಿ ಹೆಣಮಕ್ಕಳಾಗ್ಲಿ ಎಲ್ಲಾರದೂ ಬಯಲಕಡಿ. ನಮ್ಮ ಮನ್ಯಾರು "ಅವ್ವನ ಸಲುವಾಗಿಯಾದ್ರೂ ಒಂದು ಕಟ್ಟಸಬೇಕು" ಅಂದ್ರು. ಗೌಂಡಿ ಕಾಕಾ ಬಂದ್ರು. ನಮ್ಮ ಓಣಿಯ ಅರ್ಧ ಮನಿ ಕಟ್ಟಿದಾವರು, ಮಸೂತಿ ಬಾಜೂಕ ಅವರ ಮನಿ. ಹಿತ್ತಲದಾಗ ನಿಂತು, ಹೊಸಾ ತೆಗ್ಗು ತೋಡಬೇಕಂದ್ರ ಈ ಕರೀ ಎರಿ ಮಣ್ಣಿನ್ಯಾಗ ಭಾಳ ತ್ರಾಸ ಅಕ್ಕಾರ, ಅಂದ್ರು. ಆವಾಗ ನನ್ನ ಕಣ್ಣು ಹಗೇವಿನ ಮ್ಯಾಲ ಬಿತ್ತು.

ಹಗೇವು ಅಂದ್ರ ನೆಲದಾಗಿನ ಕಣಜ. ಆಳೆತ್ತರಕ್ಕಿಂತ ಆಳ, ಹೊಟ್ಟಿ ಅಗಲ, ಬಾಯಿ ಸಣ್ಣದು. ಸುಗ್ಗಿ ಆದಮ್ಯಾಲ ಜ್ವಾಳ ತುಂಬಿ, ಮ್ಯಾಲ ಹೊಟ್ಟು ಹಾಸಿ, ಕಲ್ಲು ಮುಚ್ಚಿ ಮಣ್ಣು ಬಡದು ಬಿಟ್ರ ಎರಡು ಮಳಿಗಾಲ ಕಳದ್ರೂ ಕಾಳಿಗೆ ಮುಗ್ಗಲ ಹಿಡಿತಿರಲಿಲ್ಲ. ಮಾವ ಹೋದಮ್ಯಾಲ ನಾವು ಚೀಲದಾಗ ಇಡಾಕ ಸುರು ಮಾಡಿ, ಹಗೇವು ಬರಿದ ಬಿದ್ದಿತ್ತು.

ನಾನು ದೇವಿಕೊಪ್ಪದಾಕಿ. ನಮ್ಮ ತವರಿನ್ಯಾಗ ಕೆಂಪು ಮಣ್ಣು. ತೆಗ್ಗು ತೋಡಿ ಎಷ್ಟು ಕೊಡ ಸುರುವಿದ್ರೂ ಗಟಗಟ ಕುಡದು ಮತ್ತ ಬಾಯಿ ತಕ್ಕೊಂಡು ಕುಂದರತೈತಿ. ನೆಲ ಅಂದ್ರ ನೀರು ಕುಡಿಯೂದು ಅಂತ ತಿಳಕೊಂಡು ಬೆಳದಾಕಿ. ಈ ಎರಿ ಮಣ್ಣಿನ ಮ್ಯಾಲ ನನಗ ಮೊದಲಿಂದ ಸಿಟ್ಟು ಬ್ಯಾರೆ, ಕಾಲಿಗೆ ಹತ್ತಿದ್ರ ಬಿಡೂದಿಲ್ಲ. "ಇಷ್ಟ ಚಂದ ಕಲ್ಲು ಕಟ್ಟಿದ ತೆಗ್ಗು ಇರೂಮುಂದ ಹೊಸಾದು ಯಾಕ್ರಿ?" ಅಂದೆ.

ಒಳಗಿಂದ ಅತ್ತಿ ಧ್ವನಿ ಬಂತು. "ಅನ್ನ ಇಟ್ಟ ಜಾಗಾದಾಗ ಅದನ್ನ ಹಾಕ್ತೀಯೇನ ಬೇ?"

ಮತ್ತ ಅವರ ಅಂದ್ರು, "ಅದು ನೀರು ಕುಡಿಯೂದಿಲ್ಲವ್ವಾ."

ಮುದುಕಿ ಮನಸ್ಸಿಗೆ ಬ್ಯಾಸರಾಗೇತಿ, ಅದಕ್ಕ ಏನರ ಒಂದು ನೆವಾ ತಗೀತಾರ ಅಂತ ತಿಳದೆ. "ಮಣ್ಣು ಅಂದಮ್ಯಾಲ ಕುಡೀಲಾರದ ಏನ ಮಾಡ್ತೈತ್ರಿ ಅತ್ತೀ?" ಅಂದೆ. ಅವರು ಮಾರಿ ಗ್ವಾಡಿ ಕಡಿ ತಿರುವಿದ್ರು. ಆ ಮಾತು ಅಲ್ಲಿಗೇ ಮುಗೀತು.

ಹೋಳಿ ಹುಣ್ವಿ ಹೊತ್ತಿಗೆ ಸಂಡಾಸ ಆತು. ಅತ್ತಿ ಹಿಡಕೊಳ್ಳಾಕ ಗ್ವಾಡಿಗೆ ಒಂದು ಕಬ್ಬಣದ ಸಳಿ ಬಡದ್ರು ಗೌಂಡಿ ಕಾಕಾ. ನಾನು ರಟ್ಟಿ ಹಿಡದು, ಒಂದ ಕಾಲಿನ ಮ್ಯಾಲ ಕುಂಟಸಕೋತ ಕರಕೊಂಡು ಹೋಗಿ ಕುಂದ್ರಸಿ, ಬಾಗಲಾ ಮುಂದ ಮಾಡಿ ಹೊರಗ ನಿಲ್ಲತಿದ್ದೆ. ಒಂದು ತಂಬಿಗಿ ನೀರು ಸುರುವಿದ್ರ ಸರ್ರ ಅಂತ ಹೋಗತಿತ್ತು. ಓಣಿ ಹೆಣಮಕ್ಕಳು ನೋಡಾಕ ಬರತಿದ್ರು. ಮೂರು ತಿಂಗಳು ನನ್ನ ಕಾಲು ನೆಲಕ್ಕ ಹತ್ತಲಿಲ್ಲ ಬಿಡ್ರಿ.

ಕಾರ ಹುಣ್ವಿ ಮಳಿ ಬಿತ್ತು ನೋಡ್ರಿ, ಸುರುವಿದ ನೀರು ಬೇಸಿನ್ನಿನ್ಯಾಗ ನಿಂತು ಬುಳುಬುಳು ಅಂತ ಹೊಳ್ಳಿ ಬರಾಕ ಹತ್ತಿತು. ಪೈಪಿನ್ಯಾಗ ಏನರ ಸಿಕ್ಕಿರಬೇಕು ಅಂತ ನಮ್ಮ ಮನ್ಯಾರು ಬಿದಿರು ಗಳಾ ಹಾಕಿ ತಿವದ್ರು. ಗಳಾ ಈ ತುದಿಯಿಂದ ಆ ತುದಿತನಾ ಸರಳ ಹೋತು, ಏನೂ ಅಡ್ಡ ಇರಲಿಲ್ಲ. ಗೌಂಡಿ ಕಾಕಾ ಬಂದು ಪೈಪಿನ ಇಳಿಜಾರು ಅಳದ್ರು, ಅದೂ ಸರಿ ಇತ್ತು. ಕಡೀಕ ಹಗೇವಿನ ಮುಚ್ಚಳಗಲ್ಲು ಎತ್ತಿದ್ವಿ. ಕುತ್ತಿಗಿಮಟಾ ತುಂಬಿ ನಿಂತಿತ್ತು.

"ಮಳಿ ನೀರಿಗೆ ನೆಲ ಉಬ್ಬೇತಿ, ನಾಕ ದಿನಾ ಯಾರೂ ಹೋಗಬ್ಯಾಡ್ರಿ, ಇಳಿತೈತಿ" ಅಂದ್ರು ಕಾಕಾ. ತೊಗರಿ ಕಟಿಗಿಗೆ ಚಾಕುಲೆ ಗುರುತು ಮಾಡಿ ಒಳಗ ಇಳಿಬಿಟ್ವಿ. ಎಂಟು ದಿನಾ ದಿನಕ್ಕೊಮ್ಮೆ ತಗದು ನೋಡಿದ್ವಿ. ಗುರುತಿನಿಂದ ಒಂದು ಬೆರಳೂ ಇಳೀಲಿಲ್ಲ.

ನಾವು ಮತ್ತ ಚರಗಿ ಹಿಡದು ಕೆಸರಿನ್ಯಾಗ ಬಯಲಿಗೆ ಹೊಂಟ್ವಿ. ಅತ್ತಿ ಎಲ್ಲಿಗೆ ಹೋಗಬೇಕು? ಒಂದು ಅಗಲ ಬುಟ್ಟ್ಯಾಗ ಬೂದಿ ಹಾಸಿ ಹೊರಸಿನ ಬಾಜೂಕ ಇಟ್ಟೆ. ನಾನ ತಗದು ಚೆಲ್ಲಿ ಬರತಿದ್ದೆ. ಮೂರನೇ ದಿನಾನೋ ನಾಕನೇ ದಿನಾನೋ, ಮಳಿ ಹೊಡ್ಯಾಕ ಹತ್ತಿತ್ತು, ಒಲಿ ಹತ್ತವಲ್ದು, ಸಾಲಿಗೆ ಹೊತ್ತಾಗೇತಿ ಅಂತ ಮಕ್ಕಳು ಒದರತಿದ್ವು, ನಾನು ಬುಟ್ಟಿ ಎತಗೊಂಡು ಹೊಂಟಾಗ ಬಾಯಿಂದ ಬಂದುಬಿಡ್ತು: "ನನ್ನ ಹಣೇಬಾರದಾಗ ಇದನ್ನೂ ಬರದಿದ್ದ ಶಿವಾ!" ಭಾಳ ಜೋರಾಗಿ ಏನ ಅನ್ನಲಿಲ್ಲ. ಪಡಸಾಲಿ ಏನು ದೊಡ್ಡದು, ಎಲ್ಲಾ ಕೇಳತಿತ್ತು.

ಮರುದಿನದಿಂದ ಅತ್ತಿ ಗಂಗಾಳದಾಗ ಅರ್ಧ ರೊಟ್ಟಿ ಹೊಳ್ಳಿ ಬರಾಕ ಹತ್ತಿತು. "ಹಸಿವಿಲ್ಲ ಬೇ" ಅನ್ನತಿದ್ರು. ಆಮ್ಯಾಲ ಮುಕ್ಕಾಲು ಬಂತು. ನೀರಿನ ತಂಬಿಗಿ ಹೆಂಗ ಇಟ್ಟಿದ್ನೆಲಾ ಹಂಗ ಇರತಿತ್ತು. ನಾನು ಸುಮ್ಮನ ಇರೂ ಪೈಕಿ ಅಲ್ಲ. "ಸೊಸಿ ಬಡದ ರೊಟ್ಟಿ ಗಂಟಲದಾಗ ಇಳಿವಲ್ದೇನ್ರಿ? ಹಗೇವಿಗೆ ಕೈ ಹಚ್ಚೀನಿ ಅಂತ ಸಿಟ್ಟೇನ್ರಿ?" ಅಂತ ಕುಟುಕಿದೆ. ಅಲ್ಲಿಂದ ಗಂಗಾಳ ಬರಿದ ಬರಾಕ ಸುರು ಆತು. ನೋಡು, ಬೈದ್ರ ಉಂತಾರ, ಅಂತ ಮನಸಿನ್ಯಾಗ ಅನಕೊಂಡೆ.

ಆದ್ರ ಅವರ ಕೈಯಾಗಿನ ಬೆಳ್ಳಿ ಕಡಗ ಮೊಣಕೈತನಾ ಜಾರಾಕ ಹತ್ತಿತು. ಒಂದಿನಾ ಮಳಿ ಹೊಳವಾಗಿ ಬಿಸಲು ಬಿದ್ದಿತ್ತು, ಅವರ ಹೊರಸಿನ ಕೌದಿ ಒಣಹಾಕೂಣು ಅಂತ ಎಳದೆ. ರೊಟ್ಟಿ ಚೂರು ಪಟಪಟ ನೆಲಕ್ಕ ಬಿದ್ವು. ಅರ್ಧ, ಕಾಲು, ಮುಕ್ಕಾಲು, ಕಟಕಟಿ ಒಣಗಿ ಇರುವಿ ಹತ್ತಿದ್ವು. ನಾನು ಅವನ್ನ ನೋಡಿದೆ, ಅವರು ನನ್ನ ನೋಡಿದ್ರು.

"ನಾಯಿಗೆ ಹಾಕಿದ್ರಾತು ಅಂತ ಇಟ್ಟಿದ್ನಿ" ಅಂದ್ರು.

"ಅತ್ತೀ, ಖರೇ ಹೇಳ್ರಿ."

ಸೆರಗು ಬಾಯಿಗೆ ಹಿಡಕೊಂಡು ಅಂದ್ರು, "ಉಂಡ್ರ ಹೋಗಬೇಕಲ್ಲ ಬೇ."

ನನ್ನ ಮ್ಯಾಲ ನನಗ ಹೇಸಿಗಿ ಬಂತು. ಆ ಬುಟ್ಟ್ಯಾಗಿಂದು ಏನ ಹೇಸಿಗಿ, ನನ್ನ ಬಾಯಾಗಿಂದು ಅದಕ್ಕಿಂತ ಹೆಚ್ಚಿಂದು. ಕಾಲು ಹಿಡಕೊಂಡು ಅತ್ತುಬಿಟ್ಟೆ. ಇನ್ನ ಮ್ಯಾಲ ಅಂಥಾ ಮಾತು ಆಡೂದಿಲ್ಲ, ಉಣ್ರಿ, ಅಂತ ಅಂಗಲಾಚಿದೆ. ಅವರು ನನ್ನ ತಲಿ ಮ್ಯಾಲ ಕೈ ಆಡಿಸಿದ್ರು, ಆದ್ರ ಆವತ್ತೂ ಕಾಲು ರೊಟ್ಟಿ ಮ್ಯಾಲ ಉಣಲಿಲ್ಲ. ಆ ಸಂಡಾಸ ಸರಿ ಆಗೂತನಾ ಈ ಜೀವ ಉಣ್ಣೂದಿಲ್ಲ ಅಂತ ನನಗ ಅಗದಿ ಖಾತ್ರಿ ಆತು. ಇನ್ನ ಹದಿನೈದು ದಿನಾ ಹಿಂಗ ನಡದ್ರ ಉಳಿಯೂದಿಲ್ಲ ಅಂತನೂ ಗೊತ್ತಾತು.

ಸಂಜಿಮುಂದ ಬಾಜೂಕ ಕುಂತು ಕೇಳಿದೆ, "ಅತ್ತೀ, ಆವತ್ತು ಹಗೇವು ನೀರು ಕುಡಿಯೂದಿಲ್ಲ ಅಂದ್ರೆಲಾ, ಯಾಕಂದ್ರಿ?"

"ಅದರ ಗಚ್ಚು ಕುಟ್ಟಿದಾಕಿ ನಾನ ಅಲ್ಲೇನ?" ಅಂದ್ರು. ಅವರು ಸೊಸಿಯಾಗಿ ಬಂದ ವರ್ಸನ ಅದನ್ನ ಕಟ್ಟಿದ್ದಂತ. ಸುಣ್ಣಾ ಉಸುಕು ಅರದು, ಕುಟ್ಟಿ ಕುಟ್ಟಿ ಬೆಣ್ಣಿ ಮಾಡಿ, ಕಲ್ಲಿನ ಸಂದಿಗೆಲ್ಲಾ ಕೈಲೆ ತುಂಬಿದ್ರಂತ. ಎರಿ ನೆಲದ ಹಸಿ ಒಂದು ಹನಿ ಸೈತ ಒಳಗ ಬರಬಾರದು, ಬಂದ್ರ ಜ್ವಾಳ ಮುಗ್ಗತೈತಿ. "ಹೊರಗಿಂದು ಒಳಗ ಬಿಡಲಾರದ್ದು ಒಳಗಿಂದು ಹೊರಗ ಹೆಂಗ ಬಿಟ್ಟೀತು? ಇಟ್ಟಿದ್ದನ್ನ ಇಟಗೊಳ್ಳೂದು ಅದರ ಗುಣಾ. ಬಿಡಾಕ ಬ್ಯಾರೆ ಜಾಗಾ ಮಾಡ್ರಿ."

"ಎಲ್ಲಿ ಮಾಡೂಣ್ರಿ? ಸುತ್ತ ಎಲ್ಲಾ ಎರಿನ ಐತಲ್ಲ."

"ಹಿತ್ತಲದಾಗ ಮೇವಿನ ಬಣವಿ ಒಟ್ಟತಿದ್ದ ದಿಬ್ಬದ ಮ್ಯಾಲ. ಎಂಥಾ ಮಳಿ ಬಂದ್ರೂ ಕಣಕಿ ಬುಡ ತೋಯತಿದ್ದಿಲ್ಲ. ಅಲ್ಲಿ ಎರಿ ತೆಳ್ಳಗೈತಿ, ಕೆಳಗ ಬರೇ ಗರಸು, ನೀರು ಬಸಿಯೂ ಹರಳಗಲ್ಲಿನ ಮಣ್ಣು."

ಹನ್ನೆರಡು ವರ್ಸ ಅದ ಹಿತ್ತಲದಾಗ ಓಡ್ಯಾಡಿದಾಕಿ ನಾನು. ಬಣವಿ ಅಲ್ಲೇ ಯಾಕ ಒಟ್ಟತಾರ ಅಂತ ಒಂದಿನಾ ಕೇಳಿದ್ದಿಲ್ಲ.

ಗೌಂಡಿ ಕಾಕಾ ಕೇಳಿದವರ ಹಣಿ ಬಡಕೊಂಡ್ರು. "ಯಾ ಅಲ್ಲಾ! ನಲವತ್ತು ವರ್ಸ ಗಚ್ಚಿನ ಕೆಲಸಾ ಮಾಡೀನಿ, ನನಗ ತಿಳೀಲಿಲ್ಲಲ್ಲ ಅಕ್ಕಾರ!" ಹಗೇವು ಹಂಗ ಟಾಕಿಯಾಗಿ ಇರಲಿ, ಕುತ್ತಿಗಿ ಕೆಳಗ ಒಂದು ತೂತು ಮಾಡಿ, ಮ್ಯಾಲಿನ ತಿಳಿನೀರು ಪೈಪಿನ್ಯಾಗ ದಿಬ್ಬಕ್ಕ ಹಾಯಿಸಿ, ಅಲ್ಲಿ ಆ ತೂತಿಗಿಂತ ಕೆಳಗ ಬರೂಹಂಗ ಉದ್ದಕ ಕಾಲಿವಿ ತೋಡಿ ಗರಸು, ಕಲ್ಲು ತುಂಬಿ ಬಿಡೂಣು ಅಂದ್ರು. ಆದ್ರ ಮೊದಲ ಹಗೇವು ಅರ್ಧ ಖಾಲಿ ಆಗಬೇಕು.

ಓಣ್ಯಾಗಿನ ಹಿರ್ಯಾರೊಬ್ಬರು ಬಂದು, "ಅದಕ್ಕಂತ ಇರೂ ಮಂದಿ ಇರ್ತಾರ ಮಾಸ್ತರ, ಪ್ಯಾಟಿಗೆ ಹೇಳಿ ಕಳಸ್ರಿ. ಇಳದು ತಗದು ಹೋಗ್ತಾರ" ಅಂದ್ರು. ನಮ್ಮ ಮನ್ಯಾರು ಹೂಂ ಅನ್ನಾಕ ಹತ್ತಿದ್ರು. ಹೊರಸಿನ ಮ್ಯಾಲಿಂದ ಅತ್ತಿ, ಆ ನಿತ್ರಾಣದಾಗೂ, ಇಡೀ ಹಿತ್ತಲಕ್ಕ ಕೇಳೂಹಂಗ ಅಂದ್ರು:

"ಅದಕ್ಕಂತ ಯಾರೂ ಯಾರನ್ನೂ ಹಡದಿಲ್ಲ. ಜ್ವಾಳದ ಹಗೇವು ತಗದಾಗ ಸೈತ ಒಂದು ದಿನಾ ಬಾಯಿ ತೆರದಿಟ್ಟು, ಒಳಗಿನ ಗಾಳಿ ಕೆಟ್ಟೈತೇನೋ ಅಂತ ಕಂದೀಲ ಇಳಿಬಿಟ್ಟು, ಅದು ಆರಲಿಲ್ಲ ಅಂದ್ರ ಮನಿ ಗಂಡಸು ಇಳಿತಿದ್ದ. ಇದರಾಗ ಯಾವ ತಾಯಿ ಮಗನೂ ಇಳಿಬಾರದು. ಮ್ಯಾಲ ನಿಂತು ಸೇದ್ರಿ. ನಮ್ಮದು ನಾವ ಸೇದೂಣು."

ಆ ಹಿರ್ಯಾರು ಚಪ್ಪಲಿ ಮೆಟಗೊಂಡು ಹೊಂಟು ಹೋದ್ರು. ಮರುದಿನಾ ಸಾಲಿ ಸೂಟಿ. ಮಾಸ್ತರು ಮಾರಿಗೆ ವಲ್ಲಿ ಕಟಗೊಂಡು ಹಗ್ಗಕ್ಕ ಬಕೀಟು ಕಟ್ಟಿ ಸೇದಿದ್ರು. ನಾನು ಹೊತ್ತು ಹೊಲದ ಮೂಲ್ಯಾಗ ತೋಡಿದ್ದ ತೆಗ್ಗಿಗೆ ಸುರುವಿ ಬೂದಿ, ಮಣ್ಣು ಮುಚ್ಚತಿದ್ದೆ. ಓಣಿ ಮಂದಿ ಬಾಗಲಾ ಹಾಕೊಂಡ್ರು. ಮಧ್ಯಾಹ್ನದ ಹೊತ್ತಿಗೆ ಗೌಂಡಿ ಕಾಕಾ ಏನೂ ಹೇಳದ ಕೇಳದ ಬಂದು, ನಮ್ಮ ಮನ್ಯಾರ ಕೈಯಾಗಿನ ಹಗ್ಗ ಇಸಕೊಂಡ್ರು. ಎರಡು ದಿನಾ ಹಿಡೀತು. ನಾ ಬಕೀಟು ಎತ್ತಿದಾಗೊಮ್ಮೆ ನನ್ನ ಆ ಹಣೇಬಾರದ ಮಾತು ನೆನಪಾಗತಿತ್ತು, ಯಾರೂ ನೆನಪು ಮಾಡಿ ಕೊಡೂದು ಬೇಕಾಗಿರಲಿಲ್ಲ.

ದಿಬ್ಬದ ಮ್ಯಾಲ ಮೊಳ ಅಗದಿದ್ದೇ ತಡಾ ಹಳದಿ ಗರಸು ಬಂತು. ಕಾಕಾ ಹತ್ತು ಕೊಡ ನೀರು ಸುರುವಿಸಿ ನೋಡಿದ್ರು. ಕಣ್ಣ ಮುಂದ ಇಂಗಿ ಹೋತು. ನಾಗರ ಪಂಚಮಿಗೆ ಇನ್ನ ನಾಕ ದಿನಾ ಇರೂಮುಂದ ಕೆಲಸಾ ಮುಗೀತು.

ಅತ್ತಿ ಆಮ್ಯಾಲ ಮೂರು ವರ್ಸ ಬದಕಿದ್ರು. ಹಗೇವಿನ ಮಾತು ನಾನೂ ತಗೀಲಿಲ್ಲ, ಅವರೂ ತಗೀಲಿಲ್ಲ. ಆದ್ರ ಕೆಲಸಾ ಮುಗದ ಆವತ್ತಿನ ಒಂದು ಸಂಗತಿ ಹೇಳಬೇಕು.

ರಟ್ಟಿ ಹಿಡದು ಒಳಗ ಕರಕೊಂಡು ಹೋದೆ. "ಮೊದಲ ನೀರು ಸುರುವು, ನೋಡ್ತೀನಿ" ಅಂದ್ರು. ಸುರುವಿದೆ. ಸರ್ರ ಅಂತು. "ಇನ್ನೊಮ್ಮೆ" ಅಂದ್ರು. ಸುರುವಿದೆ. ಸಳಿ ಹಿಡಕೊಂಡು ನಿಂತು, ಬಗ್ಗಿ, ನೀರು ಹೋದ ಜಾಗಾ ಭಾಳ ಹೊತ್ತು ನೋಡಿದ್ರು.

ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ ಕೊಟ್ಟೆ. ರೂಢಿ ಆಗಿತ್ತಲ್ಲ, ರೊಟ್ಟಿ ಎರಡು ಹೋಳು ಮಾಡಿ ಒಂದನ್ನ ಬಾಜೂಕ ಸರಿಸಿದ್ರು. ನಾನು ಒಲಿ ಮುಂದ ಹೋಗಿ ಬೆನ್ನು ತಿರುವಿ ಕುಂತೆ. ಒಂದು ರೊಟ್ಟಿ ಬಡದೆ. ಎರಡನೇದು ಬಡಿಯೂಮುಂದ ಹಿಂದಿನಿಂದ ಗಂಗಾಳ ನೆಲಕ್ಕ ಸರಿಸಿದ ಸಪ್ಪಳಾ ಆತು.

"ಇನ್ನೊಂದು ಹಾಕ ಬೇ" ಅಂದ್ರು.

ಹನ್ನೆರಡು ವರ್ಸದಾಗ ಅವರು ನನಗ ಉಣ್ಣಾಕ ಏನರ ಕೇಳಿದ್ದು ಅದ ಮೊದಲನೇ ಸಲ. ಹಂಚಿನ ಮ್ಯಾಲಿಂದು ತಗದು ಹಂಗ ಅವರ ಗಂಗಾಳಕ್ಕ ಹಾಕಿದೆ.