‘ಈ ಸಲದ’ ಮೇಡಂ
ನಮ್ಮ ಶಾಲೆಯ ಎದುರಿನ ಆರೋಗ್ಯ ಕೇಂದ್ರದ ಹಿರಿಯ ವೈದ್ಯೆಯನ್ನು ಎಲ್ಲರೂ ‘ಈ ಸಲದ ಮೇಡಂ’ ಎನ್ನುತ್ತಿದ್ದರು. ವಿದೇಶದ ಆರೋಗ್ಯ ಸಮ್ಮೇಳನದಿಂದ ಬಂದಾಗಲೆಲ್ಲ ಅವರು ಪೆಟ್ಟಿಗೆ ಕೆಳಗಿಡುವ ಮೊದಲೇ ಗೋಡೆಗೆ ಚಿತ್ರ ಬರೆಯುವವನನ್ನು ಕರೆಸುತ್ತಿದ್ದರು. “ಈ ಸಲ ಹೃದಯ ಕಣಯ್ಯಾ, ಇಡೀ ಜಗತ್ತೇ ಹೃದಯದ ಹಿಂದೆ ಬಿದ್ದಿದೆ!” ಎನ್ನುವಾಗ ಅವರ ಮುಖ ಅರಳುತ್ತಿತ್ತು. ಹಿಂದಿನ ಸಲ ಬರೆಸಿದ್ದ ಸೊಳ್ಳೆಯ ಚಿತ್ರ ಸುಣ್ಣದಡಿ ಸೇರುತ್ತಿತ್ತು. “ಸೊಳ್ಳೆ ಹೋಯ್ತಾ ಮೇಡಂ?” ಎಂದು ನರ್ಸಮ್ಮ ಕೆಣಕಿದರೆ, “ಸೊಳ್ಳೆ ಇದೆ ಕಣಮ್ಮಾ, ಅದಕ್ಕೆ ಬರ್ತಿದ್ದ ಅನುದಾನ ಹೋಯ್ತು” ಎಂದು ತಾವೇ ಮೊದಲು ನಗುತ್ತಿದ್ದರು. ಕುಷ್ಠರೋಗದ ಯೋಜನೆಯಂತೂ ಎಂದೋ ಮುಗಿದಿತ್ತು. ಆದರೂ ಪ್ರತಿ ಗುರುವಾರ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು, ಹಳೆಯ ರೋಗಿಗಳ ಗಾಯವನ್ನು ತಾವೇ ತೊಳೆಯುತ್ತಿದ್ದರು. “ನಮ್ಮ ಕಾಯಿಲೆ ಈಗ ಯಾರಿಗೂ ಬೇಡ್ವಂತೆ. ಇನ್ನು ಬರೋದು ಬೇಡವೇನಮ್ಮಾ?” ಎಂದು ಅಜ್ಜನೊಬ್ಬ ಹಿಂಜರಿದಾಗ, “ಗಾಯ ಮಾಗಲಿ, ಆಮೇಲೆ ನೋಡೋಣ. ಕಾಲು ಈ ಕಡೆ ಚಾಚಿ ಅಜ್ಜಾ” ಎಂದರು.